ಹುಂಜದ ತಾಟು

ನನಗೆ ಸಿಟ್ಟು ಬೇಗ. ಹಗರಿಬೊಮ್ಮನಹಳ್ಳಿಯಲ್ಲಿ ನಾನು ಪಾಠ ಮಾಡುವ ಶಾಲೆಯ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ಭಾನುವಾರ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ಇವತ್ತಿಗೂ ತಿಳಿದಿಲ್ಲ.

ಅವ್ವ ತಂಬ್ರಹಳ್ಳಿ ಕಡೆಯ ನಮ್ಮೂರಿನ ದೊಡ್ಡಮನೆಯಲ್ಲಿ ನಲವತ್ತು ವರ್ಷ ದುಡಿದವಳು. ಸಗಣಿ ಬಾಚಿ, ಕಾಳು ಕೇರಿ, ಶೇಂಗಾ ಸುಲಿದು ಬೆರಳು ಸೊಟ್ಟಗಾಗಿವೆ. ಒಂದು ದಿನವೂ ಆ ಮನೆಯ ಹೊಸ್ತಿಲು ದಾಟಲಿಲ್ಲ, ದಾಟಗೊಡಲಿಲ್ಲ. ದನದ ಕೊಟ್ಟಿಗೆಯ ಗೋಡೆಯಲ್ಲೊಂದು ಗೂಡು; ಅದರಲ್ಲಿ ಆಳುಗಳ ತಾಟುಗಳು. ಮಧ್ಯಾಹ್ನ ಅವ್ವ ತನ್ನ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರೆ ಮನೆಯ ಹಿರಿಯಮ್ಮ ಮೇಲಿನಿಂದ ರೊಟ್ಟಿ ಹಾಕಿ ಸಾರು ಸುರಿಯುವರು. ಉಂಡಾದ ಮೇಲೆ ಅದನ್ನು ತಾನೇ ತೊಳೆದು ಗೂಡಿನಲ್ಲಿ ಬೋರಲು ಹಾಕಬೇಕು.

ತಾಟುಗಳು ಪಿಂಗಾಣಿಯವು. ದಪ್ಪನೆಯ ಕೆನೆಬಣ್ಣ, ಅಂಚಿಗೆ ನೀಲಿ ಗೆರೆ, ನಡುವೆ ಕೆಂಪು ಬಾಲದ ಹುಂಜ. ಬಳ್ಳಾರಿಯಲ್ಲಿ ಯಾರೋ ಬಿಳಿಯರು ಬಂಗಲೆ ಖಾಲಿ ಮಾಡುವಾಗ ಹಿರಿಯಮ್ಮನ ಮಾವ ಹರಾಜಿನಲ್ಲಿ ಹಿಡಿದು ತಂದಿದ್ದರಂತೆ. ಲಿಂಗ ಕಟ್ಟಿದ ಮನೆ! ಹೆಂಗಸರು ಹೌಹಾರಿದರಂತೆ. "ಕೋಳಿ ಬರೆದ ತಾಟಿನ್ಯಾಗ ನಾವು ಉಣ್ಣಾದೇನು? ಎಲುಬು ಅರೆದು ಮಾಡಿರ್ತಾರಂತ, ಥೂ!" ಬಿಸಾಡಲು ಮನಸ್ಸಾಗದೆ ಕೊಟ್ಟಿಗೆಗೆ ದಾಟಿಸಿದರು. ನಮಗೇನು, ಕೋಳಿಯೂ ಆದೀತು, ಎಲುಬೂ ಆದೀತು.

ಅವ್ವನ ತಾಟಿನಲ್ಲಿ ಹುಂಜದ ಜುಟ್ಟಿನ ನೇರಕ್ಕೆ ಅಂಚು ಒಡೆದಿತ್ತು. ಒಡೆದವಳು ನಾನೇ. ಐದು ವರ್ಷದವಳು, ತೊಳೆಯಲು ಹೋಗಿ ಬಾನಿಗೆ ಬಡಿದಿದ್ದೆ. ಹಿರಿಯಮ್ಮ ಬೈದದ್ದನ್ನು ಅವ್ವ ತಲೆತಗ್ಗಿಸಿ ಕೇಳಿಸಿಕೊಂಡಿದ್ದಳು.

ಈಗ ಅವ್ವ ನನ್ನ ಜೊತೆಯೇ ಇದ್ದಾಳೆ. ಹೋದ ವರ್ಷ ನಮ್ಮ ಶಾಲೆಗೆ ಹೊಸ ಟೀಚರ್ ಬಂದಳು. ಹರಪನಹಳ್ಳಿಯ ಹುಡುಗಿ, ದೊಡ್ಡಮನೆಯ ಸೊಸೆ. ನಾನು ಅದೇ ಊರಿನವಳೆಂದು ತಿಳಿದು, "ಭಾನುವಾರ ಊಟಕ್ಕೆ ಬನ್ನಿ ಮಿಸ್, ನಿಮ್ಮ ತಾಯೀನೂ ಕರ್ಕೊಂಡು ಬನ್ನಿ," ಎಂದಳು. ಅವ್ವ ಅಲ್ಲಿ ದುಡಿದದ್ದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ನನಗಿದ್ದದ್ದು ಒಂದೇ ಹಟ: ಸಾಯುವುದರೊಳಗೆ ನಮ್ಮವ್ವ ಒಮ್ಮೆ ಆ ಮನೆಯ ಒಳಗೆ ಕೂತು ಉಣ್ಣಬೇಕು.

"ಒಲ್ಲೆವ್ವ," ಅಂದಳು ಅವ್ವ. "ಹಲ್ಲಿದ್ದಾಗ ಕಡ್ಲಿ ಇದ್ದಿಲ್ಲ. ಈಗ ಕಡ್ಲಿ ಐತಿ, ಹಲ್ಲೆಲ್ಲಿ ಅದಾವ?"

ಬೈದೆ, ಅತ್ತೆ, ಎರಡು ದಿನ ಮಾತು ಬಿಟ್ಟೆ. ಕೊನೆಗೆ ಹೊಸ ಸೀರೆ ಉಡಿಸಿ ಬಸ್ಸು ಹತ್ತಿಸಿದೆ.

ಮುಂಬಾಗಿಲಲ್ಲಿ ಅವ್ವ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಹಿರಿಯಮ್ಮ ಮೂಲೆಯ ಕುರ್ಚಿಯಲ್ಲಿದ್ದರು. ಗುರುತು ಹತ್ತಿತೋ ಇಲ್ಲವೋ. ನಾನು ಅವ್ವನನ್ನು ಮೇಜಿನ ಮುಂದೆ ಕೂರಿಸಿದೆ. ಸೊಸೆ ಗಾಜಿನ ಕಪಾಟು ತೆರೆದಳು.

"ಇವು ಹಳೇ ಕೊಟ್ಟಿಗೇಲಿ ಬಿದ್ದಿದ್ವು ಮಿಸ್! ಹಿಂದಿನ ಮುದ್ರೆ ನೋಡಿದೋರು ಫ್ರಾನ್ಸ್ ದೇಶದ್ದು, ನೂರು ವರ್ಷಕ್ಕೂ ಹಳೇದು ಅಂದ್ರು. ದಿನಾ ತೆಗೆಯಲ್ಲ. ಬೇಕಾದೋರು ಬಂದಾಗ ಮಾತ್ರ."

ಅವ್ವನ ಮುಂದೆ ಇಟ್ಟ ತಾಟಿನ ಅಂಚು ಒಡೆದಿತ್ತು. ಹುಂಜದ ಜುಟ್ಟಿನ ನೇರಕ್ಕೆ.

ನನಗೆ ಸಿಟ್ಟು ಬಂತು. ಅವ್ವ ಆಗಲೇ ಆ ಒಡಕನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ನಾನು ಆಗಲೇ ಎದ್ದು ಅವಳನ್ನು ಕರೆದುಕೊಂಡು ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷದ ಹಟ, ಅವ್ವ ಕುರ್ಚಿಯ ಮೇಲೆ ಕೂತುಬಿಟ್ಟಿದ್ದಾಳೆ, ಇನ್ನೇನು ಉಂಡೇಬಿಡುತ್ತಾಳೆ. "ಬಡಿಸ್ರಿ," ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಸೊಸೆ ಹೋಳಿಗೆ ಹಿಡಿದು ಬಂದಳು. ಅವ್ವ ಎರಡೂ ಕೈಯಲ್ಲಿ ತಾಟು ಎತ್ತಿ ಹಿಡಿದಳು.

"ಅಯ್ಯೋ ಅಮ್ಮ, ಕೆಳಗಿಡಿ, ನಾನು ಬಡಿಸ್ತೀನಿ," ಎಂದು ಅವಳು ನಕ್ಕಳು. ಪಾಪ, ಒಳ್ಳೆಯ ಹುಡುಗಿ.

ಅವ್ವ ತಲೆ ಎತ್ತದೆ ಉಂಡಳು. ಉಂಡವಳು ತಾಟು ಹಿಡಿದು ಎದ್ದಳು. ಸೊಸೆ ಬೇಡ ಬೇಡವೆಂದರೂ ಹಿತ್ತಲಿಗೆ ಹೋಗಿ ನಲ್ಲಿಯಲ್ಲಿ ತೊಳೆದಳು. ನಾನು ಹಿಂದೆ ಓಡಿದೆ. ಕೊಟ್ಟಿಗೆಯಲ್ಲಿ ಈಗ ಕಾರು ನಿಂತಿದೆ, ಗೋಡೆಗೆ ಸಿಮೆಂಟು ಬಳಿದಿದ್ದಾರೆ. ನೀರು ತೊಟ್ಟಿಕ್ಕುವ ತಾಟು ಹಿಡಿದ ಅವ್ವ ಇನ್ನೊಂದು ಕೈಯಿಂದ ಗೋಡೆ ತಡವುತ್ತಿದ್ದಳು.

"ಗೂಡು ಮುಚ್ಯಾರಲ್ಲವ್ವ. ಎಲ್ಲಿ ಇಡ್ಲಿ ಇದನ್ನ?"

"ಇಲ್ಲಿ ತಾ," ಎಂದು ಕೈಚಾಚಿದೆ.

"ನೀ ಮುಟ್ಟಬ್ಯಾಡ. ಮತ್ತ ಒಡದೀಯ."

ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಹಿರಿಯಮ್ಮ ಗೋಡೆ ಹಿಡಿದುಕೊಂಡು ಬಂದಿದ್ದರು. ಅವ್ವನನ್ನು ನೋಡಿದರು. ಸಿಟ್ಟಿಲ್ಲ, ಕೊಂಕಿಲ್ಲ, ನಿನ್ನೆ ತಾನೇ ಹೇಳಿದವರ ದನಿಯಲ್ಲಿ ಹೇಳಿದರು:

"ಅಲ್ಲೇ ಗ್ವಾಡಿ ಬುಡಕ ಬೋರಲ ಹಾಕು."

"ಹೂನ್ರೆವ್ವ," ಅಂದಳು ಅವ್ವ. ಮನೆಗೆ ಬಂದಾಗಿನಿಂದ ಮೊದಲ ಸಲ ಅವಳ ಮುಖ ಹಗುರಾಗಿತ್ತು. ಬಗ್ಗಿ ತಾಟನ್ನು ನೆಲದ ಮೇಲೆ ಬೋರಲು ಹಾಕಿದಳು. ತಾಟಿನ ಬೆನ್ನ ಮೇಲೆ ಫ್ರಾನ್ಸಿನ ಮುದ್ರೆ ನೀಲಿಯಾಗಿ ಕಾಣುತ್ತಿತ್ತು.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲ ದಾರಿಯಲ್ಲೇ ಬರಿಗಾಲಲ್ಲಿ ಬಸ್ಸಿನ ಕಡೆ ಹೊರಟುಬಿಟ್ಟಳು. ಮುಂಬಾಗಿಲಲ್ಲಿ ಬಿಟ್ಟ ಅವಳ ಚಪ್ಪಲಿ ತರಲು ನಾನು ಮತ್ತೆ ಆ ಮನೆಯೊಳಗೆ ಹಾದು ಹೋದೆ.