ನಾನು ಒಲ್ಲೆ ಎಂದ ಚಹಾ

ಅರವತ್ತರ ದಶಕದ ಮೊದಲ ವರ್ಷಗಳು. ಮಾನಸಿಕ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಹೋದವರನ್ನು ಅವರವರ ಊರಿಗೇ ಹೋಗಿ ನೋಡಿಬರುವ ಕೆಲಸವನ್ನು ನಾನು ಆಗ ಕಲಿಯುತ್ತಿದ್ದೆ. ಗೋಕಾಕ, ಹುಕ್ಕೇರಿ ಕಡೆಯ ಮನೆಗಳು ನನ್ನ ಪಾಲಿಗೆ ಬಂದಿದ್ದವು. ಕೈಯಲ್ಲಿ ಹೊಸ ಚೀಲ, ತಲೆಯ ಮೇಲೆ ಎರಡು ಕೋಡು. ನನ್ನ ವರದಿಗಳನ್ನು ಓದಿ ತಿದ್ದುತ್ತಿದ್ದ ಮೇಲ್ವಿಚಾರಕಿಯನ್ನು ನಾವೆಲ್ಲ ಮರ್ಯಾದೆಯಿಂದ ಬಾಯಿಯವರು ಎನ್ನುತ್ತಿದ್ದೆವು.

ಹಾಗೆ ಗುಣವಾಗಿ ಮನೆಗೆ ಮರಳಿದ್ದ ಮೂಡಲಗಿಯ ಒಬ್ಬ ಸೊಸೆಯ ಬಗ್ಗೆ ಹೆಮ್ಮೆಯಿಂದ ಬರೆದಿದ್ದೆ: ಅತ್ತೆ ಬಹಳ ಒಳ್ಳೆಯವರು, ಸೊಸೆಗೆ ಒಂದು ಕೆಲಸವನ್ನೂ ಹಚ್ಚುವುದಿಲ್ಲ, ಒಲೆಯ ಹತ್ತಿರವೂ ಬಿಡುವುದಿಲ್ಲ.

ಬಾಯಿಯವರು ಕನ್ನಡಕ ತೆಗೆದರು. "ಅಲ್ಲಿ ಚಹಾ ಯಾರು ಮಾಡಿದ್ರು?"

"ಸೊಸಿ ಮಾಡತೇನಿ ಅಂತ ಎದ್ದಿದ್ಲರಿ. ನಾ ಒಲ್ಲೆ ಅಂದೆ."

"ಯಾಕ?"

ಬಸ್ಸಿಗೆ ಹೊತ್ತಾಗಿತ್ತು ಎಂದು ಸುಳ್ಳು ಹೇಳಿದೆ. ಅವರು ಮತ್ತೆ ಅದನ್ನೇ ಕೇಳಿದರು. ನನಗೆ ಸಿಟ್ಟೇ ಬಂತು.

"ಆಕಿ ಅದರಾಗ ಏನರ ಹಾಕಿದ್ರ ಏನ್ ಮಾಡಬೇಕಿತ್ರಿ?"

ಅಂದಮೇಲೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಬಾಯಿಯವರು ಬೈಯಲಿಲ್ಲ. ಒಂದು ಅಂಚೆ ಕಾರ್ಡನ್ನು ನನ್ನ ಕಡೆ ಸರಿಸಿದರು. ಆ ಅತ್ತೆ ಯಾರಿಂದಲೋ ಬರೆಸಿದ್ದು: ಸೊಸೆಯನ್ನು ಹೊಳ್ಳಿ ಆಸ್ಪತ್ರೆಗೆ ಒಯ್ಯಿರಿ, ನಿಮ್ಮವರೇ ಆಕೆಯ ಕೈಯ ಚಹಾ ಕುಡಿಯಲಿಲ್ಲ.

ಮುಂದಿನ ವಾರ ಬಾಯಿಯವರು ನನ್ನ ಜೊತೆ ಮೂಡಲಗಿಗೆ ಬಂದರು. ಆದರೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟರು.

"ನೀನ ಹೋಗಿ ಬಾ. ನಾ ಬಂದ್ರ ಅತ್ತಿ ನನ್ನ ಮಾರಿ ನೋಡತಾಳ, ನಿನ್ನ ಮಾತು ಕೇಳೂದಿಲ್ಲ. ಇಲ್ಲೇ ಇರತೇನಿ, ಅಂಜಬ್ಯಾಡ."

ಪಡಸಾಲೆಯಲ್ಲಿ ಅತ್ತೆಯ ಎದುರಿಗೇ ಸೊಸೆಗೆ ಹೇಳಿದೆ, "ಅಕ್ಕಾ, ಅವತ್ತ ನಾ ಅಂಜಿ ಒಲ್ಲೆ ಅಂದೆರಿ. ತಪ್ಪಾತು. ಇವತ್ತ ನಿಮ್ಮ ಕೈಲೆ ಚಹಾ ಮಾಡಿ ಕೊಡ್ರಿ."

ಆಕೆ ಅತ್ತೆಯ ಕಡೆ ನೋಡಿದಳು. ಅತ್ತೆ ತಡೆಯದಿದ್ದಾಗ ಎದ್ದು ಒಲೆಯ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಆಕೆ ಎರಡು ಕಪ್ಪು ಹಿಡಿದು ಬಂದಳು. ತುಂಬಿದ ಕಪ್ಪು ತುಳುಕಿ ಕೆಳಗಿನ ಬಸಿಯೆಲ್ಲ ಚಹಾ. ನಾನು ಬಸಿಯಲ್ಲಿ ಚೆಲ್ಲಿದ್ದನ್ನೂ ಬಿಡದೆ ಕುಡಿದೆ. ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದರು.

ಮರಳಿ ಬಂದಾಗ ಬಾಯಿಯವರು ಅದೇ ಕಟ್ಟೆಯ ಮೇಲೆ, ಮೈಮೇಲೆ ಬಿಸಿಲು ಬಂದರೂ ಏಳದೆ ಕೂತಿದ್ದರು. ಅವರನ್ನು ಕಂಡು ನನಗೆ ಅಳು ಬಂತು.

"ಹೆಂಗಿತ್ತು ಚಹಾ?"

"ಬೆಲ್ಲ ಭಾಳ ಆಗಿತ್ರಿ."

"ಮತ್ತ ಅತ್ತಿ?"

"ಅರ್ಧ ಕಪ್ ಕುಡದು ಸೊಸಿನ್ನ ಬೈದ್ರರಿ," ಎಂದೆ ಕಣ್ಣೊರೆಸಿಕೊಳ್ಳುತ್ತ. "ನಾಳಿಂದ ಬೆಲ್ಲ ಕಡಿಮಿ ಹಾಕು ಅಂತ."