ಹಿತೇಶನ ರಾಜಧಾನಿ

ಮಾನೇಸರಿನ ಕಾರ್ಖಾನೆಯಲ್ಲಿ ವಾರವಿಡೀ "ಜೀ ಸರ್" ಎನ್ನುವ ನಮ್ಮ ಹಿತೇಶ ಚಕ್ರವರ್ತಿಯಾದದ್ದು ಒಂದು ಭಾನುವಾರ ಬೆಳಿಗ್ಗೆ, ದಿಲ್ಲಿಯ ಜನಕಪುರಿಯ ಬಾಡಿಗೆ ಕೋಣೆಯಲ್ಲಿ, ಬರೀ ಬನಿಯನ್ನಿನಲ್ಲಿ. ಜೊತೆಗಿದ್ದ ಪವನ್ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ ಆ ಹಳೇ ಆಟದಲ್ಲಿ ಊರು ಕಟ್ಟಬೇಕು, ಸೈನ್ಯ ಬೆಳೆಸಬೇಕು, ನೆರೆಯ ರಾಜರಿಂದ ಎಲ್ಲವನ್ನೂ ಉಳಿಸಿಕೊಳ್ಳಬೇಕು. ಆಟ ರಾಜಧಾನಿಯ ಹೆಸರು ಕೇಳಿದರೆ, ಫಾರ್ಮು ತುಂಬಿ ತುಂಬಿ ಅಭ್ಯಾಸವಾದ ಈ ಮಹಾಶಯ ತನ್ನ ಬಾಡಿಗೆ ಕೋಣೆಯ ವಿಳಾಸವನ್ನೇ, 'ಕೇರ್ ಆಫ್ ಮಲ್ಹೋತ್ರಾ ಆಂಟಿ, ಎರಡನೇ ಮಹಡಿ' ಎಂದು ಬರೆದ! ಅಲ್ಲಿಂದ ಶುರು ನೋಡಿ: ಇನ್ನೊಂದು ಕಣಜ, ಇನ್ನೊಂದು ಕುದುರೆಲಾಯ. ಒಲೆಯ ಮೇಲೆ ಹಾಲು ಉಕ್ಕಿತು, "ಲೇ, ಸ್ನಾನನಾದ್ರೂ ಮಾಡೋ!" ಎಂದು ಪವನ್ ಬೈದ, ಎಲ್ಲಕ್ಕೂ "ಅಚ್ಛಾ, ಇನ್ನೊಂದೇ ಟರ್ನ್ ಮಾರಾಯ" ಎಂಬುದೇ ಉತ್ತರ. ಸಂಜೆ ಹೊತ್ತಿಗೆ ಶತ್ರುಸೈನ್ಯ ರಾಜಧಾನಿಗೆ ಮುತ್ತಿಗೆ ಹಾಕಿತು. "ಬಿಟ್ಬಿಡೋ, ಬೇರೆ ಕಡೆ ಹೊಸ ಊರು ಕಟ್ಟು" ಎಂದ ಪವನ್. ಹಿತೇಶ ಮೊದಲ ಸಲ ಪರದೆಯಿಂದ ಕಣ್ಣು ತೆಗೆದು ಅವನನ್ನು ನೋಡಿದ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದಾಗಲೆಲ್ಲ ಗಂಟುಮೂಟೆ ಕಟ್ಟಿ, ಮೂರೂವರೆ ವರ್ಷದಲ್ಲಿ ನಾಲ್ಕು ಮನೆ ಕಂಡವನು ಈ ಹಿತೇಶ. ಯಾವ ಮಾಲೀಕರೂ ಗೋಡೆಗೊಂದು ಮೊಳೆ ಹೊಡೆಯಲು ಬಿಟ್ಟಿರಲಿಲ್ಲ. "ಇಲ್ಲಿಂದ ಮಾತ್ರ ನಾನು ಏಳುವವನಲ್ಲ ಮಾರಾಯ" ಎಂದವನೇ, ಊರಿನ ಸುತ್ತ ಮತ್ತೊಂದು ಕಲ್ಲಿನ ಗೋಡೆ ಎಬ್ಬಿಸತೊಡಗಿದ.