ಎಂಗೇಜ್ ಆಗಿದ್ದ ಲೈನು

ಹೋದ ತಿಂಗಳು ಒಂದು ಕಚೇರಿಯ ಹಳೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಈಗೆಲ್ಲ ಆ ಕಡೆಯವರು ಬೇರೆ ಕರೆಯಲ್ಲಿದ್ದರೆ ಹೆಣ್ಣುದನಿಯೊಂದು ಮೂರು ಭಾಷೆಯಲ್ಲಿ ವಿನಯದಿಂದ ತಿಳಿಸುತ್ತದೆ. ಅವತ್ತು ಹಾಗಾಗಲಿಲ್ಲ. ಹಳೇ ಕಾಲದ ಎಂಗೇಜ್ ಸದ್ದೇ ಬಂತು. ಕುಂಯ್, ಕುಂಯ್, ಕುಂಯ್. ಫೋನನ್ನು ಕಿವಿಯಿಂದ ತೆಗೆಯಲೂ ಆಗದೆ ನಿಂತುಬಿಟ್ಟೆ. ನನ್ನ ಮುಖ ನೋಡಿದ ಹೆಂಡತಿ ಮೆಲ್ಲಗೆ, "ಯಾರು ಹೋದರಂತೆ?" ಎಂದಳು. ಯಾರೂ ಇಲ್ಲ, ಎಂಗೇಜು ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ನೀವೂ ನಂಬಲಿಕ್ಕಿಲ್ಲ. ಅದಕ್ಕೇ ಇದನ್ನು ಮೊದಲಿನಿಂದ ಹೇಳಬೇಕು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಾನು ಆಗತಾನೇ ಡಿಗ್ರಿ ಮುಗಿಸಿ, ಕನಕಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೆ. ಕಂಪ್ಯೂಟರ್ ನಡೆಸಲು ಎಲ್ಲರೂ ಬಳಸುವ ವ್ಯವಸ್ಥೆಯನ್ನೇ ನಾನೂ ಬಳಸಿದರೆ ನನ್ನ ಓದಿಗೇನು ಬೆಲೆ ಎಂಬ ಜಂಬ ಬೇರೆ. ಹೋದಲ್ಲೆಲ್ಲ ಯುನಿಕ್ಸ್ ವಂಶದ ಒಂದು ಉಚಿತ ವ್ಯವಸ್ಥೆಯನ್ನು ತುಂಬುತ್ತಿದ್ದೆ. ಕಪ್ಪು ಪರದೆ, ಬಿಳಿ ಅಕ್ಷರ. ನೋಡಿದವರು ಗಾಬರಿಯಾದಷ್ಟೂ ನನಗೆ ಸಮಾಧಾನ. ಊರಾಚೆಯ ಒಂದು ಕಲ್ಲು ಕ್ವಾರಿಯ ಮಾಲೀಕರಿಗೆ ಹೊರದೇಶದ ಗಿರಾಕಿಗಳಿಂದ ಈಮೇಲ್ ಬರಬೇಕಿತ್ತು. ಅವರ ಆಫೀಸಿಗೂ ಅದನ್ನೇ ಹಾಕಿದೆ.

ಆಗ ಇಂಟರ್‌ನೆಟ್ ಅಂದರೆ ಫೋನಿನ ತಂತಿ. ಮೋಡೆಮ್ ಎಂಬ ಪೆಟ್ಟಿಗೆ ನಂಬರ್ ಒತ್ತಿ, ಆ ಕಡೆಯ ಪೆಟ್ಟಿಗೆಯೊಡನೆ ಕಿರುಚಾಡಿ ಒಪ್ಪಂದ ಮಾಡಿಕೊಳ್ಳಬೇಕು. ಅಷ್ಟು ಹೊತ್ತೂ ಫೋನಿನಲ್ಲಿ ಬೇರೆ ಯಾರೂ ಮಾತಾಡುವಂತಿಲ್ಲ. ಬೇಕಾದಾಗ ಮಾತ್ರ ತಾನೇ ಫೋನ್ ಮಾಡಿ, ಕೆಲಸವಿಲ್ಲದಾಗ ತಾನೇ ಇಡುವ ಏರ್ಪಾಟನ್ನು ನಾನು ಮಾಡಿಕೊಟ್ಟಿದ್ದೆ. ಯಾವುದಾದರೂ ಪ್ರೋಗ್ರಾಮು ಹೊರಗಿನ ವಿಳಾಸ ಕೇಳಿದರೆ ಸಾಕು, ಮೋಡೆಮ್ ಎದ್ದು ಕೂರುತ್ತಿತ್ತು. ಅದರ ಕಿರುಚಾಟಕ್ಕೆ ತಲೆನೋವು ಬರುತ್ತದೆ ಎಂದು ಗುಮಾಸ್ತ ಶಿವಲಿಂಗಯ್ಯ ಗೊಣಗಿದರು. ಮೋಡೆಮಿಗೆ ಕೊಡುವ ಆಜ್ಞೆಯಲ್ಲಿ ಒಂದು ಅಕ್ಷರ, ಒಂದು ಸೊನ್ನೆ ಬರೆದು ಅದರ ಬಾಯಿ ಮುಚ್ಚಿಸಿದೆ. ಈ ಮಾತನ್ನು ದಯವಿಟ್ಟು ನೆನಪಿಡಿ. ನಾನಂತೂ ಮರೆತಿಲ್ಲ.

ವಾರ ಕಳೆಯುವುದರೊಳಗೆ ಮಾಲೀಕರಿಂದ ದೂರು ಬಂತು. ಕಂಪ್ಯೂಟರ್ ಮುಂದೆ ಯಾರೂ ಇಲ್ಲದಿದ್ದರೂ ಫೋನು ಆಗಾಗ ಎಂಗೇಜ್ ಬರುತ್ತದೆ, ನೋಡಿ ಎಂದರು. ಸೈಕಲ್ ಹತ್ತಿ ಹೋದೆ.

ಆ ಕ್ವಾರಿಗೊಂದು ಪದ್ಧತಿಯಿತ್ತು. ನನಗದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನಿಮಗೆ ಈಗಲೇ ಹೇಳುತ್ತೇನೆ. ಗುಡ್ಡದ ಮೇಲೆ ಬಂಡೆಗೆ ಮದ್ದು ಹಾಕುವವನು ಮಾದಣ್ಣ. ಕೆಳಗಿನಿಂದ ಹತ್ತುವ ಗಾಡಿದಾರಿ ಅವನಿಗೆ ಕಾಣದಂತೆ ಬಂಡೆಯ ಬೆನ್ನು ಅಡ್ಡವಿತ್ತು. ಅವನು ಊದುವ ಸೀಟಿ ಕ್ರಷರಿನ ಸದ್ದಿನಲ್ಲಿ ಕೆಳಗಿನವರಿಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಮೇಲಿನ ಶೆಡ್ಡಿನಲ್ಲಿ ಬೇರೊಂದು ಫೋನಿತ್ತು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಅವನು ಆಫೀಸಿಗೆ ಫೋನ್ ಮಾಡಿ ಮದ್ದು ಸಿದ್ಧ ಎನ್ನುತ್ತಿದ್ದ. ಶಿವಲಿಂಗಯ್ಯ ಕೆಂಪು ಬಾವುಟ ಹಿಡಿದು ದಾರಿ ತಡೆಯಲು ಹೋಗಬೇಕು. ಆದರೆ ದಾರಿಯಲ್ಲಿ ನಿಂತವರು ಫೋನಿನ ಹತ್ತಿರ ಇರುವುದು ಹೇಗೆ? ಅದಕ್ಕೆ ಅವರು ರಿಸೀವರನ್ನು ತೆಗೆದು ಮೇಜಿನ ಮೇಲೆ ಮಲಗಿಸಿ ಹೋಗುತ್ತಿದ್ದರು. ಐದು ನಿಮಿಷ ಬಿಟ್ಟು ಮಾದಣ್ಣ ಮತ್ತೆ ಫೋನ್ ಮಾಡುತ್ತಿದ್ದ. ಎಂಗೇಜ್ ಬಂದರೆ ಶಿವಲಿಂಗಯ್ಯ ದಾರಿಯಲ್ಲಿದ್ದಾರೆ, ಬತ್ತಿಗೆ ಬೆಂಕಿ ಕೊಡಬಹುದು ಎಂದರ್ಥ. ಎಷ್ಟೋ ವರ್ಷ ಅದು ಒಂದು ದಿನವೂ ತಪ್ಪಿರಲಿಲ್ಲ.

ನಾನು ಹೋದ ದಿನ ಹೊನ್ನಮ್ಮ ಊಟದ ಕುಕ್ಕೆ ಹೊತ್ತು ಆಫೀಸಿನ ಮುಂದೆ ಬಂದಾಗ ಒಂದು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಕಲ್ಲು ಒಡೆಯುವವರಿಗೆ ದಿನವೂ ಮುದ್ದೆ ತರುತ್ತಿದ್ದವಳು ಅವಳೇ. ಮಾದಣ್ಣನ ಒಡಹುಟ್ಟಿದ ಅಕ್ಕ. ಶಿವಲಿಂಗಯ್ಯ ಕಿಟಕಿಯಿಂದ, ಹೊನ್ನಕ್ಕ ಇವತ್ತೇನು ಸಾರು ಎಂದರು.

"ಹುಳ್ಳಿಕಾಳು ಸಾರು. ವಾಸ್ನೆ ಬಿಟ್ಟಿ, ತಕೋ" ಎಂದು ನಗುತ್ತ ಅವಳು ದಾರಿ ಹತ್ತಿದಳು. ಮೇಲಿನಿಂದ ಫೋನು ಬಂದಿರಲಿಲ್ಲವಾದ್ದರಿಂದ ಅವರು ತಡೆಯಲಿಲ್ಲ. ಗಡಿಯಾರ ನೋಡಿ, "ಮಾದ ಇವತ್ತು ಒಸಿ ತಡ ಮಾಡ್ದ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಮಾತು ನನ್ನ ಕಿವಿಗೂ ಬಿತ್ತು. ಕೇಳಿದವನು ಏನಕ್ಕೆ ತಡ ಎಂದು ಕೇಳಬಹುದಿತ್ತಲ್ಲ! ನಾನು ಕೇಳಲಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು. ಮೋಡೆಮನ್ನು ಎಬ್ಬಿಸುವ ಕಳ್ಳ ಯಾರೆಂದು ಹಿಡಿಯಲು, ಯಂತ್ರ ತನ್ನ ದಿನಚರಿಯಲ್ಲಿ ಬರೆದುಕೊಳ್ಳುವ ಸಾಲುಗಳನ್ನು ಕಾಯುತ್ತ ಕೂತಿದ್ದೆ.

ಸಾಲು ಬಂತು. ಯಾರೂ ಮುಟ್ಟದೆ ಮೋಡೆಮಿನ ಕೆಂಪು ದೀಪ ಹತ್ತಿತು, ಸದ್ದಿಲ್ಲದೆ. ಈಮೇಲ್ ಕಳಿಸುವ ಪ್ರೋಗ್ರಾಮು ಅರ್ಧ ಗಂಟೆಗೊಮ್ಮೆ ಎಚ್ಚೆತ್ತು, ಈ ಯಂತ್ರದ ಹೆಸರೇನು ಎಂದು ವಿಚಾರಿಸುತ್ತಿತ್ತು. ಆ ಹೆಸರನ್ನು ಒಳಗೇ ಒಂದು ಕಡತದಲ್ಲಿ ಬರೆದಿಡಲು ನಾನು ಮರೆತಿದ್ದೆ. ಒಳಗೆ ಉತ್ತರ ಸಿಗದೆ ಅದು ಫೋನ್ ಮಾಡಿ ಹೊರಗೆ ಕೇಳುತ್ತಿತ್ತು. ಒಂದೇ ಒಂದು ಸಾಲಿನ ತಪ್ಪು. ಕಳ್ಳ ಸಿಕ್ಕ ಖುಷಿಯಲ್ಲಿ, ಇನ್ನೂ ಏನು ಮಾಡುತ್ತದೋ ನೋಡೋಣವೆಂದು ಸಂಪರ್ಕ ಕಡಿಯದೆ ಹಾಗೇ ಬಿಟ್ಟೆ. ನನ್ನ ತುಟಿಯ ಮೇಲೆ ಆಗ ನಗು ಇತ್ತು ಎಂಬುದು ಚೆನ್ನಾಗಿ ನೆನಪಿದೆ.

ಆಮೇಲೆ ಕಿಟಕಿ ನಡುಗಿತು.

ಶಿವಲಿಂಗಯ್ಯ ಎದ್ದು ನಿಂತರು. ಬಾವುಟ ಬಾಗಿಲ ಮೂಲೆಯಲ್ಲೇ ಒರಗಿತ್ತು. ಅವರು ಓಡಿದರು. ಏನೆಂದು ತಿಳಿಯದೆ ನಾನೂ ಹಿಂದೆ ಓಡಿದೆ. ಮೇಲಿನಿಂದ ಸಣ್ಣ ಕಲ್ಲುಗಳು ಇನ್ನೂ ಟಪಟಪ ಬೀಳುತ್ತಿದ್ದವು. ತಿರುವಿನಲ್ಲಿ, ಒರಳಿನಷ್ಟು ದೊಡ್ಡ ಕಲ್ಲೊಂದು ದಾರಿಯ ನಡುವೆ ಹೂತುಕೊಂಡಿತ್ತು. ಅದರಿಂದ ಎರಡು ಮಾರು ದೂರದಲ್ಲಿ ಹೊನ್ನಮ್ಮ ಮಗ್ಗುಲಾಗಿ ಬಿದ್ದಿದ್ದಳು. ಸಿಡಿದ ಚಕ್ಕೆ ಅವಳ ಎಡಭುಜಕ್ಕೆ ಬಡಿದಿತ್ತು. ನಾನು ಬಗ್ಗಿದಾಗ ಕಣ್ಣು ಬಿಟ್ಟಳು.

"ಮುದ್ದೆ ಎಲ್ಲ ಮಣ್ಣಾಯ್ತು ಕಣಪ್ಪ. ಅವ್ರೆಲ್ಲ ಹಸ್ಕೊಂಡವ್ರೆ."

ಅವಳು ಬದುಕಿದಳು. ಆ ಕೈ ಮಾತ್ರ ಮತ್ತೆಂದೂ ಭುಜದ ಮೇಲಕ್ಕೆ ಏಳಲಿಲ್ಲ. ಕುಕ್ಕೆ ಹೊರುವುದು ಅಲ್ಲಿಗೆ ನಿಂತಿತು. ನಾನು ಇಂದಿಗೂ ಕಣ್ಣು ಮುಚ್ಚಿದರೆ ಆ ಎರಡು ಮಾರನ್ನು ಅಳೆಯುತ್ತೇನೆ. ಅವಳು ಒಂದು ಹೆಜ್ಜೆ ಬೇಗ ಇಟ್ಟಿದ್ದರೆ, ಶಿವಲಿಂಗಯ್ಯ ಸಾರಿನ ವಿಚಾರ ಕೇಳಿ ಅರೆಗಳಿಗೆ ನಿಲ್ಲಿಸದಿದ್ದರೆ, ಎಂದು ಲೆಕ್ಕ ಹಾಕುತ್ತೇನೆ. ಆ ಲೆಕ್ಕ ಮುಗಿಯುವುದಿಲ್ಲ.

ಸಂಜೆ ಮಾಲೀಕರು ಎಲ್ಲರನ್ನೂ ನಿಲ್ಲಿಸಿಕೊಂಡು ವಿಚಾರಿಸಿದರು. ಫೋನ್ ಮಾಡಿದೆ, ಮೊದಲ ಸಲವೇ ಎಂಗೇಜ್ ಬಂತು, ತಡವಾಗಿದ್ದರಿಂದ ಇವರು ಆಗಲೇ ದಾರಿಗೆ ಹೋಗಿದ್ದಾರೆಂದುಕೊಂಡೆ ಎಂದ ಮಾದಣ್ಣ. ರಿಸೀವರು ಇಟ್ಟಲ್ಲೇ ಇತ್ತು, ಫೋನೇ ಬಂದಿಲ್ಲ ಎಂದು ಶಿವಲಿಂಗಯ್ಯ ಆಣೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸಾರ್, ನೀವಿಲ್ಲೇ ಕುಂತಿದ್ರಲ್ಲ. ಯಾರಾದ್ರೂ ಫೋನ್ ಮುಟ್ಟಿದ್ರಾ, ನೀವೇ ಹೇಳಿ."

"ಇಲ್ಲ. ಯಾರೂ ಮುಟ್ಟಲಿಲ್ಲ" ಎಂದೆ.

ನೋಡಿ, ಅದು ನಿಜವೇ. ಅಷ್ಟು ನಿಜವಾದ ಸುಳ್ಳನ್ನು ನಾನು ಆಮೇಲೆಂದೂ ಆಡಿಲ್ಲ. ಪದ್ಧತಿ ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಮೋಡೆಮ್ ಲೈನು ಹಿಡಿದ ಗಳಿಗೆ ದಿನಚರಿಯಲ್ಲಿ ನಿಮಿಷ, ಸೆಕೆಂಡಿನ ಸಮೇತ ಇತ್ತು. ನಾನು ಒಬ್ಬನೇ ಒಳಗೆ ಹೋಗಿ, ಬಿಟ್ಟುಹೋಗಿದ್ದ ಆ ಒಂದು ಸಾಲನ್ನು ಕಡತಕ್ಕೆ ಸೇರಿಸಿ, ದಿನಚರಿಯನ್ನು ಅಳಿಸಿದೆ. ದೋಷ ಸರಿಹೋಯಿತು ಎಂದು ಮಾಲೀಕರಿಗೆ ಹೇಳಿ ಸೈಕಲ್ ಹತ್ತಿದೆ. ಮಾದಣ್ಣನನ್ನು ಮರುದಿನವೇ ಕೆಲಸದಿಂದ ತೆಗೆದರಂತೆ. ಒಡಹುಟ್ಟಿದವಳು ದಾರಿಯಲ್ಲಿದ್ದಾಗ ಮದ್ದು ಹಾರಿಸಿದವನು ಎಂದು ಊರು ಆಡಿಕೊಂಡಿತಂತೆ. ಎಲ್ಲ ಅಂತೆ, ಅಂತೆ. ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಹೋದ ತಿಂಗಳು ಆ ಸದ್ದು ಕೇಳಿದ ಮೇಲೆ ಮೂರು ದಿನ ತಡೆದೆ. ನಾಲ್ಕನೆಯ ದಿನ ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಹಾರೋಹಳ್ಳಿಯ ಬಸ್ಸು ಹತ್ತಿದೆ. ಮಾದಣ್ಣ ಅಲ್ಲೊಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದಾನೆ. ತಲೆ ಪೂರಾ ನರೆತಿದೆ. ನನ್ನ ಗುರುತು ಸಿಗಲಿಲ್ಲ. ಕಂಪ್ಯೂಟರ್ ರಿಪೇರಿಯವನು ಎಂದ ಮೇಲೆ ತನ್ನ ಪ್ಲಾಸ್ಟಿಕ್ ಕುರ್ಚಿ ನನಗೆ ಬಿಟ್ಟುಕೊಟ್ಟ. ಕೂರಲಾಗದೆ ನಿಂತೇ ಎಲ್ಲ ಹೇಳಿದೆ. ಮೋಡೆಮಿನ ಬಾಯಿ ಮುಚ್ಚಿಸಿದ್ದು, ಕೆಂಪು ದೀಪ, ನನ್ನ ನಗು, ಅಳಿಸಿದ ದಿನಚರಿ. ಅವನು ಒಂದು ಲಾರಿಗೆ ಗೇಟು ತೆಗೆದು, ಹಾಕಿ, ಬಂದು ಕೇಳಿದ.

"ಆ ಮಿಸಿನ್ನು ಯಾರ ಜೊತೆ ಮಾತಾಡ್ತಿತ್ತು ಅವತ್ತು?"

"ಯಾರ ಜೊತೆಯೂ ಅಲ್ಲ ಮಾದಣ್ಣ. ತನ್ನ ಹೆಸರೇನು ಅಂತ ಕೇಳ್ತಿತ್ತು."

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಫೋನ್ ಮಾಡ್ದೆ ಅಂತ ನಾನಂದೆ, ಮಾಡ್ನಿಲ್ಲ ಅಂತ ಊರೇ ಅಂತು. ಆಮೇಲಾಮೇಲೆ ನಂಗೇ ಅನುಮಾನ ಬಂದ್ಬುಡ್ತು ಸಾರ್, ಮಾಡಿದ್ನೋ ಇಲ್ವೋ ಅಂತ." ನನ್ನ ಮೊಬೈಲಿನ ಕಡೆ ಕೈ ತೋರಿಸಿ, "ಅಕ್ಕ ಕುದೂರಲ್ಲಿ ಮಗಳ ಮನೇಲವ್ಳೆ. ನನ್ ಜೊತೆ ಮಾತು ಬುಟ್ಟವ್ಳೆ. ನನ್ ನಂಬರ್ ನೋಡಿದ್ರೆ ಎತ್ತಕ್ಕಿಲ್ಲ. ನಿಮ್ದ್ರಲ್ಲಿ ಮಾಡಿ" ಎಂದ.

ನಂಬರನ್ನು ಬಾಯಿಪಾಠವಾಗಿ ಹೇಳಿದ. ನಾನು ಒತ್ತಿದೆ. ಎಂಗೇಜ್ ಬರಲಪ್ಪ ಎಂದು ಒಂದು ಗಳಿಗೆ ಆಸೆಪಟ್ಟೆ, ಸುಳ್ಳೇಕೆ ಹೇಳಲಿ. ರಿಂಗಾಯಿತು. ನಾಲ್ಕನೆಯ ರಿಂಗಿಗೆ ಮುದಿದನಿಯೊಂದು, ಯಾರು ಎಂದು ಕೇಳಿತು.

ನನ್ನ ಹೆಸರು ಹೇಳಿದೆ. ಆಮೇಲೆ, ಪಕ್ಕದಲ್ಲಿ ಗೇಟು ಹಿಡಿದು ನಿಂತವನಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ಹೊನ್ನಮ್ಮ, ಅವತ್ತು ನಿಮ್ಮ ತಮ್ಮ ಫೋನ್ ಮಾಡಿದ್ದ" ಎಂದೆ.